ಛತ್ರದ ಗೋಡೆಯ ಮಾದಯ್ಯನವರು

ಮಾದಯ್ಯನವರು ಒಂದೇ ನೋಟಕ್ಕೆ ಯಾವ ಪತಂಗದ ಹೆಸರನ್ನಾದರೂ ಹೇಳಿಬಿಡುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಪರಿಸರ ಬಳಗದವರು ನಡೆಸಿದ ಶ್ರದ್ಧಾಂಜಲಿ ಸಭೆಯಲ್ಲಿ ಮೈಕು ಹಿಡಿದವರೆಲ್ಲ ಇದನ್ನೇ ಹೇಳಿದರು. ಒಬ್ಬರು ಹೇಳಿದ್ದನ್ನು ಮುಂದಿನವರು ಇನ್ನಷ್ಟು ಉಬ್ಬಿಸಿದರು. ಕೊನೆಯ ಭಾಷಣಕಾರರ ಬಾಯಿಗೆ ಬರುವ ಹೊತ್ತಿಗೆ ಮಾದಯ್ಯನವರು ಕಣ್ಣು ಮುಚ್ಚಿಕೊಂಡು, ರೆಕ್ಕೆ ಬಡಿದ ಸದ್ದಿನಿಂದಲೇ ಹುಳದ ಕುಲಗೋತ್ರ ಹೇಳುವ ಸಿದ್ಧಪುರುಷರಾಗಿದ್ದರು. ಎಲ್ಲರೂ ತಲೆದೂಗಿದರು. ಆಮೇಲೆ ಕಾಫಿ ಬಂತು.

ಕಾಲೇಜಿನ ದಿನಗಳನ್ನೆಲ್ಲ ಚರ್ಚಾಸ್ಪರ್ಧೆಯ ವೇದಿಕೆಗಳ ಮೇಲೆ ಕಳೆದವಳು ನಾನು. ಅಲ್ಲಿ ಕಲಿತದ್ದು ಇಷ್ಟೇ: ಒಂದು ಮಾತನ್ನು ಸಭೆಯ ಎಲ್ಲರೂ ಒಪ್ಪುತ್ತಿದ್ದಾರೆ ಎಂದರೆ ಅದನ್ನು ಯಾರೂ ಪರೀಕ್ಷಿಸಿಲ್ಲ ಎಂದು ಅರ್ಥ. ನಾನು ಬಲ್ಲ ಮಾದಯ್ಯನವರು ಒಂದೇ ನೋಟಕ್ಕೆ ಏನನ್ನೂ ಹೇಳಿದವರಲ್ಲ. ಒಂದು ಹುಳದ ಮುಂದೆ ಅರ್ಧ ಗಂಟೆ ಬಗ್ಗಿ ನಿಂತು, ಸೊಂಟ ಹಿಡಿದುಕೊಂಡು ಎದ್ದು, "ಗೊತ್ತಾಗ್ಲಿಲ್ಲ" ಎಂದು ಹೊರಟುಬಿಡುವುದು ಅವರ ಮಾಮೂಲಿ ಪದ್ಧತಿ. ಈ ಊರಿನಲ್ಲಿ "ಗೊತ್ತಿಲ್ಲ" ಎಂದು ಅಷ್ಟು ಜಂಬದಿಂದ ಹೇಳುತ್ತಿದ್ದ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ.

ಅವರು ಪೊಲೀಸ್ ಇಲಾಖೆಯಲ್ಲಿ ಬೆರಳಿನ ಗುರುತು ಹೋಲಿಸುವ ಕೆಲಸ ಮಾಡಿ ನಿವೃತ್ತರಾದವರು. ಕಳ್ಳ ಮುಟ್ಟಿದ ಬೀರುವಿನ ಮೇಲಿನ ಗುರುತನ್ನೂ ಠಾಣೆಯಲ್ಲಿ ಒತ್ತಿಸಿಕೊಂಡ ಹೆಬ್ಬೆಟ್ಟನ್ನೂ ಪಕ್ಕಪಕ್ಕ ಇಟ್ಟು, ಎರಡೂ ಒಬ್ಬನವೇ ಹೌದೋ ಅಲ್ಲವೋ ಎಂದು ಕೋರ್ಟಿನ ಕಟಕಟೆಯಲ್ಲಿ ನಿಂತು ಹೇಳುವ ಕೆಲಸ. ನಿವೃತ್ತಿಯಾದ ಮೇಲೆ ಕಳ್ಳರು ಸಿಗಲಿಲ್ಲ, ಪತಂಗಗಳು ಸಿಕ್ಕವು. ಮೂರು ಕಾಲಿನ ಪುಟ್ಟ ಸ್ಟ್ಯಾಂಡಿಗೆ ಕೂರಿಸಿದ ಹಳೆಯ ಭೂತಗನ್ನಡಿ, ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ, ಎದುರಿನವರೆಲ್ಲ ಸುಳ್ಳು ಹೇಳುತ್ತಿದ್ದಾರೆಂಬ ಮುಖಭಾವ. ಈ ಮೂರನ್ನೂ ನೌಕರಿಯಿಂದ ಹಾಗೆಯೇ ಎತ್ತಿಕೊಂಡು ಬಂದಿದ್ದರು.

ವಿದ್ಯಾರಣ್ಯಪುರಂನಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆಗೆ ಒಂದು ಮದುವೆ ಛತ್ರವಿದೆ. ಮದುವೆಯ ಹಿಂದಿನ ರಾತ್ರಿಯಿಡೀ ಅದರ ಮೈತುಂಬ ದೀಪದ ಸರಗಳು ಉರಿಯುತ್ತವೆ. ಊರಿನ ಪತಂಗಗಳೆಲ್ಲ ಕರೆಯದಿದ್ದರೂ ಬಂದು ಸೇರುತ್ತವೆ. ಬೆಳಗಾದ ಮೇಲೆ ಹಿಂದಿನ ಬಿಳಿ ಗೋಡೆಯ ಮೇಲೆ, ಪಾತ್ರೆ ತೊಳೆಯುವ ಜಾಗದಲ್ಲಿ, ನಿದ್ದೆಗೆಟ್ಟ ಬೀಗರಂತೆ ಮೆತ್ತಿಕೊಂಡಿರುತ್ತವೆ. ಕರೆಯದೆ ಬರುವ ಇನ್ನೊಬ್ಬ ಅತಿಥಿ ಮಾದಯ್ಯನವರು. ಯಾರ ಮದುವೆ, ಯಾರ ಮನೆಯವರು ಎಂಬುದು ಅವರಿಗೆ ಬೇಕಿರಲಿಲ್ಲ. ದೇವರು ದಿಂಡರನ್ನು ನಂಬದ ಈ ಮನುಷ್ಯ ಪ್ರತಿವರ್ಷ ತಪ್ಪದೆ ಪಂಚಾಂಗ ಕೊಳ್ಳುತ್ತಿದ್ದರು. ಲಗ್ನದ ದಿನ ಯಾವುದೆಂದು ಗೊತ್ತಾದರೆ ದೀಪ ಉರಿಯುವ ದಿನ ಗೊತ್ತಾದಂತೆ. ಆಷಾಢ ಬಂದರೆ ಬೈಗುಳ. "ನೋಡಮ್ಮ, ಮಳೆ ಹುಯ್ದು ಹುಳ ಎದ್ದೇಳೋ ಕಾಲಕ್ಕೇ ಈ ಜನ ಮದುವೆ ನಿಲ್ಲಿಸ್ಬುಡ್ತಾರೆ. ಬುದ್ಧಿ ಅದಾ ಇವ್ರಿಗೆ?" ಅಶುಭ ಮಾಸದ ಮೇಲೆ ಇಂಥದ್ದೊಂದು ಆಕ್ಷೇಪವನ್ನು ಯಾವ ವಿಚಾರವಾದಿಯೂ ಎತ್ತಿರಲಾರ.

ನಾನು ಅವರನ್ನು ಮೊದಲು ಕಂಡದ್ದೂ ಅಲ್ಲೇ, ನನ್ನ ಚಿಕ್ಕಪ್ಪನ ಮಗಳ ಮದುವೆಯ ಬೆಳಗ್ಗೆ. ನೆಂಟರ ಪ್ರಶ್ನೋತ್ತರದಿಂದ ತಪ್ಪಿಸಿಕೊಂಡು ಹಿತ್ತಲಿಗೆ ಹೋದರೆ, ಒಬ್ಬ ಮುದುಕರು ಗೋಡೆಗೆ ಮೂಗು ತಾಗಿಸಿಕೊಂಡು ನಿಂತಿದ್ದಾರೆ. ಪಕ್ಕದಲ್ಲಿ ಅಡಿಗೆಯವರು ಕೊಟ್ಟ ಉಪ್ಪಿಟ್ಟು ಆರುತ್ತಿದೆ.

"ಏನು ಹುಡುಕ್ತಿದೀರಿ?" ಎಂದೆ.

"ನಿನ್ನ ನೆರಳು ಬೀಳ್ತಾ ಅದೆ. ಈಚೆ ಬಾ."

ಗೋಡೆಯ ಮೇಲೆ ಅಂಗೈಯಗಲದ ಕಂದು ಪತಂಗ. ಎರಡೂ ರೆಕ್ಕೆಗಳ ಮೇಲೆ ಒಂದೊಂದು ದುಂಡನೆಯ ಗುರುತು.

"ಏನ್ ಕಾಣ್ತದೆ, ಯೋಳು ನೋಡಾಣ."

"ಗೂಬೆ ಥರ ಇದೆ."

"ಗೂಬೆ ನೋಡಿದ್ದೀಯಾ?"

"ಫೋಟೋದಲ್ಲಿ ನೋಡಿದೀನಿ."

"ಅಂಗಾದ್ರೆ ಫೋಟೋ ಥರ ಅದೆ ಅನ್ನು. ಗೂಬೇನ ಯಾಕೆ ಎಳೀತೀಯ?"

ರೇಷ್ಮೆ ಸೀರೆ ಉಟ್ಟುಕೊಂಡು ಪಾತ್ರೆ ತೊಳೆಯುವ ಜಾಗದಲ್ಲಿ ನಿಂತು ಅಪರಿಚಿತರಿಂದ ಹೀಗೆ ಅನ್ನಿಸಿಕೊಳ್ಳುವುದೆಂದರೆ! "ರೀ, ಹೆಸರು ಗೊತ್ತಿದ್ರೆ ಹೇಳ್ರಿ. ಇಲ್ಲಾಂದ್ರೆ ಬಿಡಿ," ಎಂದೆ.

"ಹೆಸರು ಕೊನೇಗೆ ಕಣಮ್ಮ. ಠಾಣೇಲಿ ಮೊದ್ಲು ಹೆಸರು ಬರ್ಕೊಂಡು ಆಮೇಲೆ ಗುರುತು ಹುಡುಕ್ತಾರೆ. ಅದಕ್ಕೇ ನಮ್ಮಂಥೋರು ಬೇಕಾಗಿದ್ದು."

ಆಮೇಲೆ ಶುರುವಾಯಿತು. ಅಲೆಯ ಗೆರೆ ರೆಕ್ಕೆಯ ಅಂಚಿಗೆ ಮುಟ್ಟುತ್ತದೋ ಇಲ್ಲವೋ. ದುಂಡು ಗುರುತಿನ ಒಳಗೆ ಇನ್ನೊಂದು ಗೆರೆ ಇದೆಯೋ, ಅದು ಪೂರಾ ಸುತ್ತುತ್ತದೋ, ಅರ್ಧಕ್ಕೆ ನಿಲ್ಲುತ್ತದೋ. ಒಳಗೆ ಗಟ್ಟಿಮೇಳ ಮುಗಿದು ಹೋಯಿತು. ಧಾರೆ ನೋಡಲಿಲ್ಲವೆಂದು ಚಿಕ್ಕಮ್ಮ ನನ್ನ ಮೇಲೆ ಇನ್ನೂ ಸಿಟ್ಟಿನಲ್ಲಿದ್ದಾರೆ. ಇಷ್ಟೆಲ್ಲ ಆದ ಮೇಲೆ ಮಾದಯ್ಯನವರು ಎದ್ದು ನಿಂತು, "ಹಿಂದಿನ ರೆಕ್ಕೆ ಮುಚ್ಕೊಂಡದೆ. ಅದು ಕಾಣೋಗಂಟ ಬಾಯಿ ಬುಡಂಗಿಲ್ಲ," ಎಂದರು. ಹುಳವನ್ನು ಒಂದು ಕಡ್ಡಿಯಿಂದ ಮೆಲ್ಲಗೆ ತಟ್ಟಿದರೆ ರೆಕ್ಕೆ ಬಿಚ್ಚುತ್ತಿತ್ತು. ಹಾಗೆಂದೆ. "ಸಾಕ್ಷೀನ ತಟ್ಟಿ ಹೇಳಿಸೋದು ಠಾಣೆ ಕೆಲಸ," ಎಂದು ತಣ್ಣಗಾದ ಉಪ್ಪಿಟ್ಟಿಗೆ ಕೈ ಹಾಕಿದರು.

ಅವತ್ತಿನಿಂದ ಮದುವೆಯ ಬೆಳಗುಗಳಲ್ಲಿ ನಾನೂ ಆ ಗೋಡೆಯ ಹತ್ತಿರ ಹೋಗತೊಡಗಿದೆ. ಹುಳಗಳ ಮೇಲಿನ ಪ್ರೀತಿಯಿಂದಲ್ಲ. ಕಾಲೇಜು ಮುಗಿದ ಮೇಲೆ ನನಗೆ ಸರಿಯಾದ ಎದುರಾಳಿಯೇ ಸಿಕ್ಕಿರಲಿಲ್ಲ. ಮನೆಯಲ್ಲಿ ವಾದಕ್ಕೆ ಕರೆದರೆ ಅಪ್ಪ ಟೀವಿಯ ಸದ್ದು ಜೋರು ಮಾಡುತ್ತಾರೆ. ಮಾದಯ್ಯನವರು ಮಾತ್ರ ಪ್ರತಿ ವಾಕ್ಯಕ್ಕೂ ತಕರಾರು ಎತ್ತುತ್ತಿದ್ದರು. "ಹೋಲಿಕೆ ಸಾಕ್ಷಿ ಅಲ್ಲ" ಎನ್ನುವುದು ಅವರ ದಿನಕ್ಕೆ ಹತ್ತು ಸಲದ ಮಂತ್ರ. ಅದರ ಬಾಲಕ್ಕೆ ಇನ್ನೊಂದು: "ಒಂಬತ್ತು ಹೊಂದಿ ಒಂದು ಹೊಂದ್ಲಿಲ್ಲ ಅಂದ್ರೆ ಒಂಬತ್ತೂ ದಂಡ."

ಅವರು ಮೃದು ಸ್ವಭಾವದವರು ಎಂದೂ ಸಭೆಯಲ್ಲಿ ಒಬ್ಬರು ಹೇಳಿದರು. ಹೇಳಿದವರು ನಮ್ಮ ರಸ್ತೆಯ ವಿಮಲಮ್ಮ. ನನಗೆ ಕುರ್ಚಿಯಿಂದ ಬೀಳುವುದೊಂದು ಬಾಕಿ. ಇದೇ ವಿಮಲಮ್ಮ ತಮ್ಮ ಅತ್ತೆಯ ವೈಕುಂಠ ಸಮಾರಾಧನೆ ಮುಗಿದ ಮಾರನೆಯ ದಿನ ಮಾದಯ್ಯನವರ ಮನೆಗೆ ಬಂದಿದ್ದರು. ಅವರ ದೇವರ ಮನೆಗೆ ಒಂದು ದೊಡ್ಡ ಪತಂಗ ಬಂದು, ಅತ್ತೆಯ ಫೋಟೋದ ಮೇಲೇ ಕೂತಿತ್ತಂತೆ. ಮೊಬೈಲಿನಲ್ಲಿ ತೋರಿಸಿ, "ನೋಡಿ, ನಮ್ಮತ್ತೆಯವರ ಹಣೆಯ ವಿಭೂತಿ ಥರಾನೇ ರೆಕ್ಕೆ ಮೇಲೆ ಮೂರು ಪಟ್ಟೆ. ಇದು ಅವರೇ ಅಲ್ವಾ?" ಎಂದು ಕಣ್ಣೊರೆಸಿಕೊಂಡರು. ಮಾದಯ್ಯನವರು ಭೂತಗನ್ನಡಿಯಲ್ಲಿ ನೋಡಿ, "ನಾಲ್ಕು ಪಟ್ಟೆ ಅವೆ. ನಿಮ್ಮತ್ತೆಗೆ ಕಾಲೆಷ್ಟಿದ್ವು?" ಎಂದು ಕೇಳಿದರು. ವಿಮಲಮ್ಮ ಒಂದು ವರ್ಷ ಅವರ ಮನೆಯ ಕಡೆ ತಿರುಗಿ ನೋಡಲಿಲ್ಲ. ಮೃದು ಸ್ವಭಾವವಂತೆ! ಸತ್ತವರ ಬಗ್ಗೆ ಕೆಟ್ಟದ್ದು ಹೇಳಬಾರದು ಎನ್ನುತ್ತಾರೆ, ಒಪ್ಪಿದೆ. ಸುಳ್ಳು ಹೇಳಬಹುದು ಎಂದು ಯಾವ ಶಾಸ್ತ್ರದಲ್ಲಿದೆ?

ಇನ್ನೊಂದು ಕಥೆಯೂ ಊರಲ್ಲಿ ಓಡಾಡುತ್ತದೆ. ನೌಕರಿಯಲ್ಲಿದ್ದಾಗ ಅವರ ತಪ್ಪು ಹೋಲಿಕೆಯಿಂದ ಒಬ್ಬ ನಿರಪರಾಧಿ ಜೈಲಿಗೆ ಹೋದನಂತೆ, ಆ ಪಾಪಪ್ರಜ್ಞೆಯಿಂದ ಅವರು ಹೀಗೆ ಕಟ್ಟುನಿಟ್ಟಾದರಂತೆ. ಕೇಳಲು ಚೆನ್ನಾಗಿದೆ. ನಾನು ನೇರವಾಗಿ ಕೇಳಿಯೇಬಿಟ್ಟೆ. ಮಾದಯ್ಯನವರು ಬಾಯಿತುಂಬ ನಕ್ಕರು. ಅಷ್ಟು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಅಂಥದ್ದೇನೂ ಇಲ್ಲ ಕಣಮ್ಮ. ನಾನು ಮೊದ್ಲಿಂದ್ಲೂ ಇಂಗೇ. ನಮ್ಮವ್ವನ್ನ ಕೇಳಿದ್ರೆ ಯೋಳೋಳು, ಹುಟ್ಟಿದಾಗ್ಲೇ ಸೂಲಗಿತ್ತಿ ಜೊತೆ ತಕರಾರು ತೆಗ್ದಿದ್ದೆ ಅಂತ." ಮನುಷ್ಯ ಸುಮ್ಮನೆ ಪ್ರಾಮಾಣಿಕನಾಗಿರಬಹುದು ಎಂದರೆ ಜನರಿಗೆ ನಂಬಿಕೆ ಬರುವುದಿಲ್ಲ. ಹಿಂದೆ ಒಂದು ಪಾಪ ಇರಲೇಬೇಕು.

ಇನ್ನು ಹಿನಕಲ್ಲಿನ ತೋಪಿನ ವಿಚಾರ. ಸಭೆಯಲ್ಲಿ ಯಾರೂ ಬಾಯಿ ಬಿಡದಿದ್ದದ್ದು ಇದೊಂದರ ಬಗ್ಗೆ ಮಾತ್ರ.

ಹಿನಕಲ್ಲಿನ ಅಂಚಿನಲ್ಲಿ, ಊರು ಇನ್ನೂ ಊರಾಗಿದ್ದ ಕಾಲದ ಒಂದು ಹೊಂಗೆ ತೋಪಿತ್ತು. ಹೊಂಗೆ, ನೇರಳೆ, ನಡುನಡುವೆ ಕಣಗಿಲೆ ಪೊದೆ. ಹೊಸ ಬಡಾವಣೆಯೊಂದಕ್ಕೆ ರಸ್ತೆ ಅದರ ಮೇಲೆಯೇ ಹಾಯಬೇಕೆಂದು ನಕ್ಷೆಯಾಯಿತು. ಪರಿಸರ ಬಳಗದ ಅಧ್ಯಕ್ಷರು ಜಗದೀಶ್ ಸರ್, ವಾಣಿಜ್ಯಶಾಸ್ತ್ರದ ನಿವೃತ್ತ ಅಧ್ಯಾಪಕರು. ಅವರು ತೋಪು ಉಳಿಸುವ ಹೋರಾಟಕ್ಕೆ ಇಳಿದರು. ಅವರ ಹೊಸ ಮನೆಯ ಬಾಲ್ಕನಿ ತೋಪಿನ ಕಡೆಗೇ ಇತ್ತು ಎಂಬುದನ್ನು ಇಲ್ಲಿ ಹೇಳಿದರೆ ಕುಹಕವಾಗುತ್ತದೆ. ಹೇಳಿದ್ದೇನೆ. ಆದರೂ ಮರಗಳು ಮರಗಳೇ. ನಾನೂ ಜೊತೆಗೆ ಓಡಾಡಿದೆ.

ರಸ್ತೆಗೆ ಒಪ್ಪಿಗೆ ಕೊಡುವ ಕಚೇರಿಯ ಅಧಿಕಾರಿ ಕೆಟ್ಟವರಾಗಿರಲಿಲ್ಲ. "ಬರೀ ಮರ ಅಂದ್ರೆ ಕಷ್ಟ. ಅಪರೂಪದ ಜೀವಿ ಏನಾದ್ರೂ ಇದ್ರೆ ಹೇಳಿ, ಕೆಲಸ ತಡೆಹಿಡಿಯೋಕೆ ನೋಡ್ತೀನಿ," ಎಂದರು. ಜಗದೀಶ್ ಸರ್ ಮೂರೇ ದಿನದಲ್ಲಿ ಅಪರೂಪದ ಜೀವಿಯನ್ನು ಹುಡುಕಿದರು. ತೋಪಿನ ಹಳೆಯ ಕಲ್ಲುಕಂಬದ ಮೇಲೆ ಕೂತಿದ್ದ ಒಂದು ಪತಂಗದ ಫೋಟೋ. ನಮ್ಮೂರಿನ ಕಾಂಪೌಂಡುಗಳಲ್ಲೆಲ್ಲ ಕಾಣುವ ಹಸಿರು ಕಣಗಿಲೆ ಪತಂಗ ಅದಲ್ಲವಂತೆ. ಅದರ ದಾಯಾದಿಯಂತೆ, ಕಾಡಿನ ಕಡೆಯದಂತೆ, ಊರೊಳಗೆ ಸಿಕ್ಕಿದ್ದೇ ಆಶ್ಚರ್ಯವಂತೆ. ಅಧಿಕಾರಿಗೆ ಮಾದಯ್ಯನವರ ಪರಿಚಯ ಹಳೆಯದು. "ಅವರು ಹೌದು ಅಂತ ಸಹಿ ಹಾಕಿದ್ರೆ ನಂಗೆ ಸಾಕು," ಎಂದುಬಿಟ್ಟರು. ಹೀಗೆ ಇಡೀ ತೋಪು ಒಬ್ಬ ತಕರಾರು ಮನುಷ್ಯನ ಸಹಿಗೆ ಬಂದು ನೇತಾಡಿತು.

ಜಗದೀಶ್ ಸರ್ ಫೋಟೋವನ್ನು ದೊಡ್ಡದಾಗಿ ಪ್ರಿಂಟು ಹಾಕಿಸಿಕೊಂಡು, ನನ್ನನ್ನೂ ಕರೆದುಕೊಂಡು ಮಾದಯ್ಯನವರ ಮನೆಗೆ ಹೋದರು. ಜಗಲಿಯ ಮೇಲೆ ಭೂತಗನ್ನಡಿ ಪ್ರಿಂಟಿನ ಮೇಲೆ ಇಂಚಿಂಚೇ ತೆವಳಿತು. ಫೋಟೋದಲ್ಲಿ ಪತಂಗದ ಬಲರೆಕ್ಕೆಯ ಹಿಂದಂಚು ಹರಿದಿತ್ತು. ಎಡಗಡೆ ಕಲ್ಲಿನ ಸೀಳಿನಲ್ಲಿ ಒಂದು ಕೆಂಪಿರುವೆ. ಅದನ್ನೂ ಬಿಡಲಿಲ್ಲ.

"ಬಣ್ಣ ನೋಡಿ ಸಾರ್, ಎಷ್ಟು ಗಾಢವಾಗಿದೆ!" ಎಂದರು ಜಗದೀಶ್ ಸರ್.

"ಮೋಡದಲ್ಲಿ ತೆಗೆದ್ರೆ ನಾನೂ ಇದಕ್ಕಿಂತ ಗಾಢವಾಗೇ ಬೀಳ್ತೀನಿ."

"ಈ ಗುಲಾಬಿ ಅಲೆ?"

"ಅದು ಇಬ್ಬರಿಗೂ ಅದೆ. ಅಣ್ಣತಮ್ಮಂದ್ರು ಒಂದೇ ಮೂಗು ಹೊತ್ಕೊಂಡು ಹುಟ್ತಾರೆ. ಮೂಗು ನೋಡಿ ಶಿಕ್ಷೆ ಕೊಡಾಕಾಯ್ತದಾ?" ಮಾದಯ್ಯನವರು ಕನ್ನಡಿಯನ್ನು ರೆಕ್ಕೆಯ ತುತ್ತತುದಿಗೆ ತಂದು ನಿಲ್ಲಿಸಿದರು. "ನೀವು ಹೇಳೋ ಕಾಡಿನ ಹುಳಕ್ಕೆ ಇಲ್ಲಿ, ಮುಂದಿನ ರೆಕ್ಕೆ ತುದೀಲಿ, ಒಂದು ಸಣ್ಣ ಬಿಳಿ ಚುಕ್ಕೆ ಇರ್ಬೇಕು. ಎಲ್ಲಿ?"

ಜಗದೀಶ್ ಸರ್ ತಯಾರಾಗಿಯೇ ಬಂದಿದ್ದರು. "ಉದುರಿರಬೇಕು ಸಾರ್. ರೆಕ್ಕೆ ಬಣ್ಣ ಅನ್ನೋದು ಪುಡಿ, ಹಾರಾಡಿ ಹಾರಾಡಿ ಉದುರುತ್ತೆ ಅಂತ ನೀವೇ ಹೇಳಿದ್ರಿ."

ಒಳ್ಳೆಯ ಪಟ್ಟು. ಎದುರಾಳಿಯ ಮಾತನ್ನೇ ಎದುರಾಳಿಯ ಮೇಲೆ ತಿರುಗಿಸುವುದು. ತೀರ್ಪುಗಾರಳಾಗಿದ್ದರೆ ಅಂಕ ಕೊಡುತ್ತಿದ್ದೆ.

"ಉದುರಿದ್ರೆ ಉದುರಿದ ಗಾಯ ಇರ್ತದೆ," ಎಂದರು ಮಾದಯ್ಯನವರು. "ಇಲ್ಲಿ ನೋಡಿ, ಬಲಗಡೆ ಹರಿದಿರೋ ಹತ್ರ ಪುಡಿ ಓಗದೆ, ಒಳಗಿನ ಪೊರೆ ಕಾಣ್ತದೆ, ಒಪ್ದೆ. ತುದೀಲಿ ಪುಡಿ ಅಂಗಂಗೇ ಕೂತದೆ. ಅಳಿಸೋಗಿರೋದು ಬೇರೆ, ಮೊದ್ಲಿಂದ್ಲೂ ಇಲ್ದೆ ಇರೋದು ಬೇರೆ. ಇದು ನಿಮ್ಮನೆ ನಂದಿಬಟ್ಟಲು ಗಿಡದಲ್ಲೂ ಸಿಗೋ ಕಣಗಿಲೆ ಪತಂಗ."

ನಾನು ನಡುವೆ ಬಾಯಿ ಹಾಕಿದೆ. "ಸರ್, 'ಇರಬಹುದು' ಅಂತಾನಾದ್ರೂ ಬರೀರಿ. ಸಂಶಯದ ಲಾಭ ಮರಗಳಿಗೆ ಹೋಗಲಿ."

"ಸಂಶಯ ಇದ್ರೆ ತಾನೆ ಲಾಭ ಕೊಡೋದು? ನಂಗಿಲ್ವಲ್ಲಮ್ಮ."

"ಇಡೀ ತೋಪು ಸಾರ್! ಒಂದು ಚುಕ್ಕೆಗೋಸ್ಕರ!" ಜಗದೀಶ್ ಸರ್ ದನಿ ಏರಿತು.

ಮಾದಯ್ಯನವರು ಒಳಗೆ ಹೋಗಿ ಒಂದು ಬಿಳಿ ಹಾಳೆ ತಂದರು. ತಮ್ಮ ಕೋರ್ಟಿನ ಅಕ್ಷರದಲ್ಲಿ ಬರೆದರು: "ಇದು ಸಾಮಾನ್ಯ ಕಣಗಿಲೆ ಪತಂಗ. ಈ ತೋಪಿನಲ್ಲಿ ಬದುಕಿದೆ. ತೋಪು ಹೋದರೆ ಇಲ್ಲಿಂದ ಇದೂ ಹೋಗುತ್ತದೆ." ಕೆಳಗೆ ಸಹಿ ಹಾಕಿ ಚಾಚಿದರು.

ಜಗದೀಶ್ ಸರ್ ಓದಿ, "ಸಾಮಾನ್ಯ ಅನ್ನೋ ಪದ ತೆಗೀರಿ ಸಾರ್, ಉಳಿದದ್ದು ಇರಲಿ," ಎಂದರು.

"ತೆಗೆದ್ರೆ ಅದು ನಿಮ್ಮ ಹೇಳಿಕೆ ಆಯ್ತದೆ, ನನ್ನದಲ್ಲ."

"ಸಾಮಾನ್ಯದ್ದಕ್ಕೆ ಯಾರ್ರೀ ರಸ್ತೆ ನಿಲ್ಲಿಸ್ತಾರೆ?"

"ಅದನ್ನ ಅವರನ್ನ ಕೇಳಿ."

ಹಾಳೆ ಜಗಲಿಯ ಮೇಲೇ ಉಳಿಯಿತು. ನಾವು ಬಂದೆವು. ಮಾದಯ್ಯನವರ ಸಹಿ ಇಲ್ಲದ ಅರ್ಜಿಗೆ ಅಧಿಕಾರಿ ಕೈ ಚೆಲ್ಲಿದರು. ತೋಪು ಉರುಳಿತು. ಬಳಗದ ವಾಟ್ಸಾಪ್ ಗುಂಪಿನಲ್ಲಿ ಮಾದಯ್ಯನವರನ್ನು ರಸ್ತೆಯವರ ಏಜೆಂಟು ಎಂದರು, ಇಲಾಖೆಯ ಬುದ್ಧಿ ಎಂದರು, ಕೊನೆಗೆ ಗುಂಪಿನಿಂದ ತೆಗೆದುಹಾಕಿದರು. ತೆಗೆದವರ ಬೆರಳುಗಳೇ ಈಗ ಅವರ ಫೋಟೋದ ಕೆಳಗೆ ಕೈಮುಗಿದ ಚಿತ್ರಗಳನ್ನು ಒತ್ತುತ್ತಿವೆ.

ಹಾಗೆಂದು ನಾನು ಮಾದಯ್ಯನವರ ವಕೀಲಳೂ ಅಲ್ಲ. ಬಳಗದವರದು ಚುರುಕಾದ ಸುಳ್ಳು. ಇವರದು ಸೋಮಾರಿ ಸತ್ಯ. ಸರಿಯಾದ ಮಾತನ್ನು ಹಾಳೆಯ ಮೇಲೆ ಬರೆದು, ಸಹಿ ಹಾಕಿ, ಜಗಲಿಯ ಮೇಲೆ ಇಟ್ಟುಕೊಂಡು ಕೂರುವುದು ಯಾವ ದೊಡ್ಡಸ್ತಿಕೆ? ಶ್ರಾವಣದಲ್ಲಿ ಮದುವೆಗಳು ಮತ್ತೆ ಶುರುವಾದಾಗ ಛತ್ರದ ಗೋಡೆಯ ಹತ್ತಿರವೇ ಇದನ್ನು ಕೇಳಿದೆ. ಅವರು ಇಳಿದುಹೋಗಿದ್ದರು. ತುಂಬುತೋಳಿನ ಅಂಗಿಯೊಳಗೆ ಮನುಷ್ಯ ಸಡಿಲವಾಗಿದ್ದ.

"ಆ ಹಾಳೆ ತಗೊಂಡು ನೀವೇ ಕಚೇರಿಗೆ ಹೋಗಬಹುದಿತ್ತಲ್ಲ ಸರ್?"

"ಯಾರು ಕರೆದ್ರು? ಸಮನ್ಸ್ ಬಂದಿರ್ಲಿಲ್ಲ ಕಣಮ್ಮ."

"ಮರಗಳು ಸಮನ್ಸ್ ಕಳಿಸ್ತಾವಾ?"

"ಸಾಕ್ಷಿ ತಾನಾಗೇ ಎದ್ದು ಕೋರ್ಟಿಗೆ ಬಂದ್ರೆ ಯಾರೂ ನಂಬಲ್ಲ. ಇವನ್ಯಾವನೋ ಪಾರ್ಟಿ ಕಡೆಯೋನು ಅಂತಾರೆ."

"ನಂಬೋದು ಬಿಡೋದು ಅವರ ಕೆಲಸ. ಹೇಳೋದು ನಿಮ್ಮದಲ್ವಾ?"

ಅವರು ಕನ್ನಡಿಯ ಮೇಲೆ ಬಗ್ಗಿದರು. ಗೋಡೆಯ ಮೇಲೆ ಅವರು ಬಗ್ಗಿದ ಜಾಗದಲ್ಲಿ ಯಾವ ಹುಳವೂ ಇರಲಿಲ್ಲ. ಬರೀ ಸುಣ್ಣ. ಅಡಿಗೆಯವರ ಹುಡುಗಿಯೊಬ್ಬಳು ಕಾಫಿ ಲೋಟ ಇಟ್ಟು ಹೋದಳು. ಆಮೇಲೆ ಎದ್ದು, ಕನ್ನಡಿಯ ಮೂರು ಕಾಲನ್ನು ಮಡಚಿ ಜೇಬಿಗೆ ಹಾಕಿಕೊಂಡು, "ವಾದ ಚೆನ್ನಾಗದೆ. ಅದಕ್ಕೆ ನನ್ನ ಹತ್ರ ಜವಾಬಿಲ್ಲ," ಎಂದರು. ಕಾಫಿ ಮುಟ್ಟಲಿಲ್ಲ. ವೇದಿಕೆಯ ಮೇಲೆ ಎಷ್ಟೋ ಗೆಲುವು ಕಂಡಿದ್ದೇನೆ. ಯಾವ ಎದುರಾಳಿಯೂ ಅಷ್ಟು ನೇರವಾಗಿ ಸೋಲನ್ನು ಒಪ್ಪಿಕೊಂಡಿರಲಿಲ್ಲ. ಕಾರ್ತೀಕದ ಲಗ್ನಗಳು ಬರುವ ಮೊದಲೇ, ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ರಸ್ತೆ ಆದ ಮೇಲೆ ತೋಪಿದ್ದ ಕಡೆ ಮೂಲೆಯಲ್ಲಿ ಒಂದು ಮುಕ್ಕೋನದ ತುಂಡು ನೆಲ ಉಳಿದಿದೆ. ಅದಕ್ಕೆ ಬೇಲಿ ಹಾಕಿ, ಲಾನು ಹಾಸಿ, ಎರಡು ಸಿಮೆಂಟ್ ಬೆಂಚು ಇಟ್ಟು, ಹೋದ ಭಾನುವಾರ ಬಳಗದವರು "ಪತಂಗ ಉದ್ಯಾನ" ಎಂದು ಉದ್ಘಾಟಿಸಿದರು. ಪತಂಗಕ್ಕೆ ಬೇಕಾದ ಒಂದು ಕಣಗಿಲೆ ಗಿಡವೂ ಅಲ್ಲಿಲ್ಲ. ನಡುವೆ ದೊಡ್ಡ ಫಲಕ. ಫಲಕದ ತುಂಬ ಒಂದು ಪತಂಗದ ಫೋಟೋ. ಕೆಳಗೆ: "ಇಲ್ಲಿ ವಾಸಿಸುತ್ತಿದ್ದ ಈ ಅಪರೂಪದ ಪತಂಗವನ್ನು ಒಂದೇ ನೋಟಕ್ಕೆ ಗುರುತಿಸಿದವರು ದಿವಂಗತ ಮಾದಯ್ಯನವರು."

ನಾನು ಹತ್ತಿರ ಹೋಗಿ ನಿಂತೆ. ಬಲರೆಕ್ಕೆಯ ಹಿಂದಂಚು ಹರಿದಿದೆ, ಅದೇ ಆಕಾರಕ್ಕೆ. ಕಲ್ಲುಕಂಬದ ಸೀಳು ಇದೆ. ಸೀಳಿನಲ್ಲಿ ಕೆಂಪಿರುವೆ ಇದೆ. ಜಗಲಿಯ ಮೇಲೆ ಅವತ್ತು ನೋಡಿದ ಅದೇ ಫೋಟೋ, ಅನುಮಾನವಿಲ್ಲ. ಎಲ್ಲವೂ ಹೊಂದುತ್ತದೆ. ಒಂದು ಮಾತ್ರ ಹೊಂದುವುದಿಲ್ಲ. ಎರಡೂ ರೆಕ್ಕೆಗಳ ತುದಿಯಲ್ಲಿ, ಅಚ್ಚುಕಟ್ಟಾಗಿ, ಸಮ ಅಳತೆಯಲ್ಲಿ, ಒಂದೊಂದು ಬಿಳಿ ಚುಕ್ಕೆ.

ಜಗದೀಶ್ ಸರ್ ಪೇಪರ್ ತಟ್ಟೆಗಳಲ್ಲಿ ಕೇಸರಿಬಾತು ಹಂಚುತ್ತಿದ್ದರು. ನನ್ನ ಹತ್ತಿರ ಬಂದಾಗ ಕೇಳಿದೆ. "ಬಿಸಿಯಾಗಿದೆ, ತಗೊಳಮ್ಮ," ಎಂದು ತಟ್ಟೆ ಕೈಗಿಟ್ಟು ಮುಂದಿನವರ ಕಡೆ ತಿರುಗಿದರು. ನಾನು ಅವರ ಹಿಂದೆಯೇ ಹೋಗಿ, ಎಲ್ಲರಿಗೂ ಕೇಳುವಂತೆ, ಇನ್ನೊಂದು ಸಲ ಕೇಳಿದೆ:

"ಜಗದೀಶ್ ಸರ್, ಮಾದಯ್ಯನವರು ಬದುಕಿದ್ದಾಗ ಈ ರೆಕ್ಕೆ ಮೇಲೆ ಚುಕ್ಕೆ ಇರಲಿಲ್ಲವಲ್ಲ. ಯಾವಾಗ ಬಂತು?"